ದೂರದ ಕೈಗೆ ಮನೆಯ ಕಂಪ್ಯೂಟರ್

ಮೈಸೂರಿನ ಕುಂಬಾರಕೊಪ್ಪಲಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶ ಹತ್ತಿರ. ಇನ್ಫೋಸಿಸ್‌ನ ದೊಡ್ಡ ಆವರಣವೂ ಆ ಕಡೆಯೇ ಇದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಕಚೇರಿಯ ಕೆಲಸ ಮನೆಯೊಳಕ್ಕೆ ಬಂತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗ ಮಗಳು ಪಕ್ಕದ ಕೋಣೆಯಲ್ಲಿ ಕುಳಿತು ಕಚೇರಿಯ ಕಂಪ್ಯೂಟರಿನಲ್ಲೇ ಕೆಲಸ ಮಾಡುವುದನ್ನು ಎಷ್ಟೋ ತಾಯಂದಿರು ಕಂಡರು. ಕಂಪ್ಯೂಟರ್ ಅಲ್ಲಿ, ಅವಳು ಇಲ್ಲಿ. ಇದು ಹೇಗೆ ಸಾಧ್ಯ?

ಇದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎನ್ನುತ್ತಾರೆ. 2001ರ ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್‌ನಲ್ಲೇ ಈ ಸೌಲಭ್ಯವಿತ್ತು. ಕೆಲಸವೆಲ್ಲ ನಡೆಯುವುದು ದೂರದ ಯಂತ್ರದಲ್ಲಿ. ಅದರ ಪರದೆಯ ಚಿತ್ರ ಇಂಟರ್‌ನೆಟ್ ಮೂಲಕ ನಮ್ಮತ್ತ ಬರುತ್ತದೆ. ನಾವು ಒತ್ತಿದ ಕೀಲಿ, ಆಡಿಸಿದ ಮೌಸ್‌ನ ಸಂದೇಶ ಅತ್ತ ಹೋಗುತ್ತದೆ. ಇಂಟರ್‌ನೆಟ್ ನಿಧಾನವಾದರೆ ಒತ್ತಿದ ಅಕ್ಷರ ಮೂಡಲು ಕಾಯಬೇಕು. ಅತ್ತ ಕರೆಂಟ್ ಹೋದರೆ ಇತ್ತ ಕೆಲಸ ನಿಂತಂತೆಯೇ.

ಇವೆಲ್ಲ ಸಣ್ಣ ತೊಂದರೆಗಳು. ಸಂಪರ್ಕ ಪಡೆದು ನಿಯಂತ್ರಿಸುವ ಕೈ ಯಾರದೆಂದು ಯಂತ್ರಕ್ಕೆ ತಿಳಿಯದು, ದೊಡ್ಡ ಅಪಾಯ ಇದು. 2019ರ ಮೇ ತಿಂಗಳಲ್ಲಿ ವಿಂಡೋಸ್‌ನ ಈ ಸೌಲಭ್ಯದಲ್ಲಿ, ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ಒಳನುಗ್ಗಬಹುದಾದ ದೋಷ ಬಯಲಾಯಿತು. 2014ರಲ್ಲೇ ಬೆಂಬಲ ನಿಲ್ಲಿಸಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತಿದ್ದುಪಡಿ ಕೊಡಬೇಕಾಯಿತು.

ಆದರೆ ನಮ್ಮ ಮನೆಗಳಲ್ಲಿ ಕಳ್ಳ ಬೀಗ ಒಡೆಯುವುದೇ ಇಲ್ಲ, ಬಾಗಿಲು ತೆರೆಸಿಕೊಳ್ಳುತ್ತಾನೆ. ಎನಿಡೆಸ್ಕ್, ಟೀಮ್‌ವ್ಯೂವರ್‌ಗಳು ಒಳ್ಳೆಯ ಸಾಧನಗಳೇ. ದುಬೈಯಲ್ಲಿರುವ ಮಗ ಅಲ್ಲಿಂದಲೇ ಅಮ್ಮನ ಕಂಪ್ಯೂಟರ್ ಸರಿಪಡಿಸಬಹುದು. ಅದೇ ಸಾಧನವನ್ನು ಮೋಸಗಾರರೂ ಬಳಸುತ್ತಾರೆ. “ಮೇಡಂ, ಬ್ಯಾಂಕಿನಿಂದ ಮಾತಾಡ್ತಿದ್ದೇವೆ, ನಿಮ್ಮ ಕೆವೈಸಿ ಮುಗಿದಿದೆ, ಈ ಆ್ಯಪ್ ಹಾಕಿಕೊಂಡು ನಂಬರ್ ಹೇಳಿ” ಎನ್ನುತ್ತಾರೆ. ಆ ಸಂಖ್ಯೆ ಹೇಳಿ, ಮೊಬೈಲ್ ಕೇಳುವ ಅನುಮತಿಗಳನ್ನೂ ಒತ್ತಿದರೆ ಮುಗಿಯಿತು. ಒಟಿಪಿಯನ್ನು ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಪರದೆಯ ಮೇಲೆ ಬಂದದ್ದನ್ನು ಅವರೇ ಓದಿಕೊಳ್ಳುತ್ತಾರೆ. ಈ ಬಗೆಯ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿ ಎನಿಡೆಸ್ಕ್‌ನ ಹೆಸರು ಹೇಳಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಇಂತಹ ಮೋಸಕ್ಕೆ ಓದಿದವರು, ಓದದವರು ಎಂಬ ಭೇದವಿಲ್ಲ. ಗಾಬರಿ ಹುಟ್ಟಿಸುವುದೇ ಅವರ ಕಸುಬು.

ಅಂತಹ ಕರೆ ಬಂದು ಆ್ಯಪ್ ಹಾಕಿಬಿಟ್ಟಿದ್ದರೆ ಮೊದಲು ಮೊಬೈಲಿನ ಇಂಟರ್‌ನೆಟ್ ಮತ್ತು ವೈಫೈ ಆರಿಸಿ, ಇಲ್ಲವೇ ಮೊಬೈಲನ್ನೇ ಆಫ್ ಮಾಡಿ. ಮನೆಯ ಇನ್ನೊಂದು ಫೋನಿನಿಂದ ಬ್ಯಾಂಕಿಗೂ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಮನೆಯವರು ಬೈದಾರೆಂದು ಸಂಜೆಯವರೆಗೆ ಮುಚ್ಚಿಡಬೇಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲೇ ದೂರು ತಲುಪಿದರೆ ತಡೆಯುವ ಅವಕಾಶ ಹೆಚ್ಚು. ಮಗನಿಗಾಗಿ ಹಾಕಿಸಿಕೊಂಡ ಆ್ಯಪನ್ನೂ ಅವನ ಕೆಲಸ ಮುಗಿದ ಕೂಡಲೇ ತೆಗೆದುಹಾಕಿ.