ತೋಳಿನ ಪಟ್ಟಿ ಹೇಳುವ ಗುರುತು

ಪ್ರಶ್ನೆ: ಹಳೆಯ ಫೋಟೋದಲ್ಲಿರುವ ಬ್ರಿಟಿಷ್ ಹಡಗಿನ ಅಧಿಕಾರಿ ಯಾರೆಂದು ಪತ್ತೆ ಹಚ್ಚುವುದು ಹೇಗೆ?

ಉತ್ತರ: ಮೊದಲು ಕೋಟಿನ ತೋಳಿನ ತುದಿ ನೋಡಿ. ಪೊಲೀಸರ ಹೆಗಲ ಮೇಲಿನ ನಕ್ಷತ್ರ ಎಣಿಸಿ ಹುದ್ದೆ ಹೇಳುವಂತೆ, ಇಲ್ಲಿ ಜರಿಪಟ್ಟಿ ಎಣಿಸಬೇಕು. 20ನೇ ಶತಮಾನದ ರಾಯಲ್ ನೇವಿಯಲ್ಲಿ ಎರಡಿದ್ದರೆ ಲೆಫ್ಟಿನೆಂಟ್, ಮೂರಿದ್ದರೆ ಕಮಾಂಡರ್, ನಾಲ್ಕಿದ್ದರೆ ಕ್ಯಾಪ್ಟನ್. ಎರಡು ಮಹಾಯುದ್ಧಗಳ ಕಾಲದಲ್ಲಿ ಅಲೆಅಲೆಯಾದ ಪಟ್ಟಿ ಸ್ವಯಂಸೇವಕ ಮೀಸಲು ಪಡೆಯದು. ಹೆಣೆದ ಪಟ್ಟಿ ವ್ಯಾಪಾರಿ ಹಡಗುಗಳಿಂದ ಬಂದ ಮೀಸಲು ಅಧಿಕಾರಿಗಳದು. 1918ಕ್ಕೆ ಮುಂಚೆ ನೌಕಾಪಡೆಯ ವೈದ್ಯರ ಪಟ್ಟಿಗೆ ಮೇಲಿನ ಸುರುಳಿ ಇರಲಿಲ್ಲ. ಇದರಿಂದ ಕಾಲವೂ ತಿಳಿಯುತ್ತದೆ.

ವ್ಯಾಪಾರಿ ಹಡಗಿನವರಾದರೆ ಟೋಪಿಯ ಬಿಲ್ಲೆಯಲ್ಲಿ ಕಂಪನಿಯ ಬಾವುಟ ಇರಬಹುದು. ಫೋಟೋದ ಹಿಂಬದಿಯಲ್ಲಿ ಸ್ಟುಡಿಯೋ ಹೆಸರು, ಊರು ಸಿಗಬಹುದು. ಹೆಸರಿನ ಸುಳಿವು ಸಿಕ್ಕರೆ, ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿರುವ ವ್ಯಾಪಾರಿ ಹಡಗಿನ ಅಧಿಕಾರಿಗಳ ಅರ್ಹತಾಪತ್ರಗಳಲ್ಲಿ ಹುಡುಕಿ. ಫೋಟೋವನ್ನು ಚೌಕಟ್ಟಿಗೆ ಹಾಕಿಸುವ ಮುನ್ನ ಎರಡೂ ಬದಿ ತಪ್ಪದೆ ಸ್ಕ್ಯಾನ್ ಮಾಡಿಸಿಡಿ.