ಮೂರು ಪರದೆ, ಒಂದು ದಿಗಂತ: ಮನೆಯ ಫ್ಲೈಟ್ ಸಿಮ್ಯುಲೇಟರ್‌ನ ಹಿಂದಿರುವ ಗಣಿತ

ನೆಲದ ಮೇಲೆ ಕುಳಿತೇ ವಿಮಾನ ಹಾರಿಸುವುದನ್ನು ಅಭ್ಯಾಸ ಮಾಡಿಸುವ ಸಾಧನವೇ ಫ್ಲೈಟ್ ಸಿಮ್ಯುಲೇಟರ್. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು, ತನ್ನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿ ಬಳಕೆಯಲ್ಲಿದ್ದ ಗಾಳಿತಿದಿಗಳ ತಂತ್ರವನ್ನು ಅನುಸರಿಸಿ ಇಂತಹ ಯಂತ್ರವೊಂದನ್ನು ರೂಪಿಸಿದನು. ಇಂದು ಹವ್ಯಾಸಿಗಳು ಎರಡು ಮೂರು ಗಣಕಯಂತ್ರಗಳನ್ನೂ ಹಲವು ಪರದೆಗಳನ್ನೂ ಜೋಡಿಸಿ, ಚಾಲಕನ ಕೋಣೆಯನ್ನೇ ಮನೆಯಲ್ಲಿ ಕಟ್ಟಿಕೊಳ್ಳುತ್ತಾರೆ. ಈ ಜೋಡಣೆಯ ಮೂಲತತ್ತ್ವಗಳು ಪ್ರೌಢಶಾಲೆಯ ಗಣಿತ ಮತ್ತು ಭೂಗೋಳದ ಪಾಠಗಳಲ್ಲಿಯೇ ಇವೆ. ಆದುದರಿಂದ ಅವನ್ನು ಕನ್ನಡದಲ್ಲಿಯೇ ಸ್ಪಷ್ಟವಾಗಿ ಬೋಧಿಸಬಹುದು.

1. ಒಂದೇ ಪರದೆ ಏಕೆ ಸಾಲದು?

ಇಳಿಯಲು ಬರುವ ವಿಮಾನವು ಕೊನೆಯ ತಿರುವು ತೆಗೆದುಕೊಳ್ಳುವ ಮುನ್ನ ರನ್‌ವೇ ಚಾಲಕನ ಎದುರಿಗಿರುವುದಿಲ್ಲ. ಪಕ್ಕದ ಕಿಟಕಿಯಲ್ಲಿ ಓರೆಯಾಗಿ ಕಾಣುತ್ತದೆ. ಆದರೆ 24 ಅಂಗುಲದ ಪರದೆಯ ಅಗಲ ಸುಮಾರು 53 ಸೆಂ.ಮೀ. ಮಾತ್ರ. ಅದು ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿದ್ದರೆ, ಅರ್ಧ ಅಗಲವನ್ನು ದೂರದಿಂದ ಭಾಗಿಸಿದಾಗ 26.5 ÷ 60 = 0.44 ದೊರೆಯುತ್ತದೆ. ಟ್ಯಾನ್ ಬೆಲೆ 0.44 ಆಗಿರುವ ಕೋನ ಸುಮಾರು 24°. ಇದರ ಇಮ್ಮಡಿಯಾದ 48° ಆ ಪರದೆಯ ನೋಟದ ಕೋನ. ಎಡಕ್ಕೂ ಬಲಕ್ಕೂ ಒಂದೊಂದು ಪರದೆಯನ್ನು 48° ತಿರುಗಿಸಿ ಇಟ್ಟರೆ ಒಟ್ಟು ನೋಟ 144° ಆಗುತ್ತದೆ. ಆಗ ರನ್‌ವೇ ಪಕ್ಕದ ಪರದೆಯಲ್ಲಿ ಕಾಣಿಸಿಕೊಳ್ಳುತ್ತದೆ.

2. ಹಲವು ಗಣಕಯಂತ್ರಗಳು ಏಕೆ?

ಅಡ್ಡಲಾಗಿ 1920, ಲಂಬವಾಗಿ 1080 ಚುಕ್ಕೆಗಳಿರುವ ಮೂರು ಪರದೆಗಳಲ್ಲಿ ಒಟ್ಟು ಸುಮಾರು 62 ಲಕ್ಷ ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 60 ಬಾರಿ ಚಿತ್ರ ಬದಲಾಗಬೇಕಾದರೆ 37 ಕೋಟಿ ಚುಕ್ಕೆಗಳಿಗೆ ಬಣ್ಣ ನಿರ್ಧರಿಸಬೇಕು. ಒಂದು ಗಣಕಯಂತ್ರಕ್ಕೆ ಈ ಹೊರೆ ಹೆಚ್ಚಾದಾಗ ಚಿತ್ರ ತಡವರಿಸುತ್ತದೆ. ಅದಕ್ಕಾಗಿ ಪ್ರತಿ ಪರದೆಗೂ ಒಂದೊಂದು ಗಣಕಯಂತ್ರವನ್ನು ನೀಡುವ ಕ್ರಮವಿದೆ.

3. ಲೆಕ್ಕ ಒಬ್ಬರದು, ಚಿತ್ರ ಎಲ್ಲರದು

ಇಲ್ಲಿ ಮರೆಯಬಾರದ ನಿಯಮವೊಂದಿದೆ. ಹಾರಾಟವನ್ನು ಲೆಕ್ಕ ಹಾಕುವುದು ಮುಖ್ಯ ಗಣಕಯಂತ್ರವೊಂದೇ. ಉಳಿದವು ಚಿತ್ರ ಬಿಡಿಸುತ್ತವೆ. ಪ್ರತಿಯೊಂದೂ ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿದರೆ ಸಣ್ಣ ವ್ಯತ್ಯಾಸಗಳು ಕೂಡುತ್ತಾ ಹೋಗಿ ಮೂರು ಪರದೆಗಳಲ್ಲಿ ಮೂರು ವಿಮಾನಗಳಾಗುತ್ತವೆ.

ಮುಖ್ಯ ಯಂತ್ರದಿಂದ ಕೇಬಲ್ಲಿನ ಮೂಲಕ ಹರಿಯುವುದು ಚಿತ್ರವಲ್ಲ, ಸಂಖ್ಯೆಗಳು. ಅವುಗಳಲ್ಲಿ ಮುಖ್ಯವಾದವು ಆರು: ಅಕ್ಷಾಂಶ, ರೇಖಾಂಶ, ಎತ್ತರ, ಮೂತಿ ಮುಖಮಾಡಿದ ದಿಕ್ಕು, ಮೂತಿಯ ಏರಿಳಿತ ಮತ್ತು ರೆಕ್ಕೆಗಳ ವಾಲುವಿಕೆ. ವಿಮಾನ ಎಲ್ಲಿದೆ, ಹೇಗಿದೆ ಎಂಬುದನ್ನು ತಿಳಿಸಲು ಇವಿಷ್ಟು ಸಾಕು. ಭೂದೃಶ್ಯದ ಮಾಹಿತಿ ಪ್ರತಿ ಯಂತ್ರದಲ್ಲಿಯೂ ಮೊದಲೇ ಇರುತ್ತದೆ. ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶವಾದ ಫ್ಲೈಟ್‌ಗಿಯರ್‌ನಲ್ಲಿ ಈ ಏರ್ಪಾಡು ಇದೆ.

4. ಜೋಡಿಸುವಾಗ ಗಮನಿಸಬೇಕಾದ ಅಂಶಗಳು

(ಅ) ಎಲ್ಲ ಯಂತ್ರಗಳಲ್ಲಿಯೂ ತಂತ್ರಾಂಶದ ಒಂದೇ ಆವೃತ್ತಿ, ಒಂದೇ ಭೂದೃಶ್ಯ, ಒಂದೇ ವೇಳೆ ಮತ್ತು ಹವಾಮಾನ ಇರಬೇಕು.

(ಆ) ವೈಫೈಗಿಂತ ಕೇಬಲ್ ಮೇಲು. ಒಂದು ಸಂದೇಶ ಕಳೆದುಹೋದರೆ ಚಿಂತೆಯಿಲ್ಲ, ಸೆಕೆಂಡಿನ 60ನೆಯ ಒಂದು ಭಾಗದಲ್ಲಿ ಮುಂದಿನದು ಬರುತ್ತದೆ. ತಡವಾಗಿ ಬಂದ ಸಂದೇಶವೇ ತೊಂದರೆ ಕೊಡುವುದು.

(ಇ) ಅಳೆದು ಪಡೆದ ನೋಟದ ಕೋನವನ್ನೇ ತಂತ್ರಾಂಶದಲ್ಲಿಯೂ ನಮೂದಿಸಬೇಕು. ಇಲ್ಲದಿದ್ದರೆ ಪರದೆಗಳು ಕೂಡುವಲ್ಲಿ ದಿಗಂತದ ರೇಖೆ ಮುರಿದಂತೆ ಕಾಣುತ್ತದೆ.

(ಈ) ಮಾಪಕಗಳ ಫಲಕವನ್ನು ಮಾತ್ರ ತೋರಿಸಲು ಹಳೆಯ ಗಣಕಯಂತ್ರವೂ ಸಾಕಾಗಬಹುದು.

5. ತರಗತಿಯಲ್ಲಿ ಬಳಕೆ

ಗಣಕಯಂತ್ರವಿಲ್ಲದ ಶಾಲೆಯಲ್ಲಿಯೂ ಈ ಪಾಠ ನಡೆಯಬಲ್ಲದು.

ಚಟುವಟಿಕೆ 1: ವಿದ್ಯಾರ್ಥಿಗಳು ತರಗತಿಯ ಕಿಟಕಿಯ ಅಗಲವನ್ನೂ, ಅದರ ನೇರ ಎದುರು ನಿಂತ ಸ್ಥಳದಿಂದ ಅದಕ್ಕಿರುವ ದೂರವನ್ನೂ ಅಳೆದು ನೋಟದ ಕೋನ ಕಂಡುಹಿಡಿಯಲಿ. ಹತ್ತಿರ ಸರಿದಷ್ಟೂ ಕೋನ ಹಿಗ್ಗುವುದು ಅವರಿಗೇ ತಿಳಿಯುತ್ತದೆ. ಮೇಲಿನ ಪರದೆಯನ್ನೇ 40 ಸೆಂ.ಮೀ.ಗೆ ತಂದರೆ ಕೋನ ಸುಮಾರು 67° ಆಗುತ್ತದೆ.

ಚಟುವಟಿಕೆ 2: ವಿಮಾನವು ಸೆಕೆಂಡಿಗೆ 30° ವಾಲುತ್ತಿರುವಾಗ ಒಂದು ಪರದೆ 0.1 ಸೆಕೆಂಡು ತಡವಾದರೆ ವ್ಯತ್ಯಾಸವೆಷ್ಟು? ಉತ್ತರ 3°. ಇಷ್ಟು ವ್ಯತ್ಯಾಸವನ್ನು ಕಣ್ಣು ಗುರುತಿಸುತ್ತದೆಯೇ ಎಂಬುದನ್ನು ಕಪ್ಪುಹಲಗೆಯ ಮೇಲೆ ಎರಡು ಗೆರೆ ಎಳೆದು ಪರೀಕ್ಷಿಸಬಹುದು.

ಚಟುವಟಿಕೆ 3: ಅಕ್ಷಾಂಶ, ರೇಖಾಂಶ ಎಂಬ ಪದಗಳು ಮರಾಠಿ, ತೆಲುಗು, ಮಲಯಾಳಂಗಳಲ್ಲಿಯೂ ಹೆಚ್ಚು ಕಡಿಮೆ ಇದೇ ರೂಪದಲ್ಲಿವೆ. ಗಡಿಭಾಗದ ಮಕ್ಕಳು ನೆರೆಭಾಷೆಯ ಸಹಪಾಠಿಗಳಿಂದ ಇಂತಹ ಪದಗಳನ್ನು ಸಂಗ್ರಹಿಸಿ ಪಟ್ಟಿ ಮಾಡಲಿ.

ಹೊಸ ತಂತ್ರಜ್ಞಾನದ ಮಾತನ್ನು ಇಂಗ್ಲಿಷಿನಲ್ಲಿ ಮಾತ್ರ ಆಡಬಹುದೆಂಬ ಅಳುಕು ಕನ್ನಡ ಮಾಧ್ಯಮದ ಮಕ್ಕಳಲ್ಲಿ ಉಂಟಾಗದಂತೆ ನೋಡಿಕೊಳ್ಳುವುದು ಶಿಕ್ಷಕರ ಹೊಣೆ. ಮಾನಿಟರ್, ಕೇಬಲ್ ಎಂಬ ಪದಗಳು ಹಾಗೆಯೇ ಉಳಿಯಲಿ. ಕೋನ, ದೂರ, ದಿಕ್ಕು, ದಿಗಂತಗಳ ತಿಳಿವಳಿಕೆ ಮಾತ್ರ ಮಗುವಿನ ಮನಸ್ಸಿನಲ್ಲಿ ಕನ್ನಡದಲ್ಲಿಯೇ ಮೂಡಲಿ.