ಕೊನೆಯಿಲ್ಲದ ಎಣಿಕೆ, ಶೆಲ್‌ನಲ್ಲಿ

ಶೆಲ್ ಸ್ಕ್ರಿಪ್ಟಿನಲ್ಲಿ ಕೊನೆಯಿಲ್ಲದೆ ಎಣಿಸಲು ಬೇಕಾದದ್ದು ಎರಡೇ: ನಿಲ್ಲದೆ ಸುತ್ತುವ ಲೂಪ್, ಸುತ್ತಿಗೆ ಒಂದರಂತೆ ಏರುವ ಸಂಖ್ಯೆ. ಸರ್ವರ್ ಎದ್ದಿದೆಯೇ ಎಂದು ಮತ್ತೆಮತ್ತೆ ವಿಚಾರಿಸಿ, ಇದು ಎಷ್ಟನೆಯ ಸಲವೆಂದು ಬರೆದಿಡುವ ಸ್ಕ್ರಿಪ್ಟುಗಳಿಗೆ ಇಂಥ ಲೂಪ್ ಬೇಕಾಗುತ್ತದೆ.

ಶೆಲ್‌ನ ‘ವೈಲ್’ ಲೂಪ್ ಒಂದು ಆಜ್ಞೆಯನ್ನು ನಡೆಸಿ, ಅದು ಮುಗಿಯುವಾಗ ಕೊಡುವ ಅಂಕಿಯನ್ನು ನೋಡುತ್ತದೆ. ಸೊನ್ನೆ ಬಂದರೆ ಮತ್ತೊಂದು ಸುತ್ತು. ಬೇರೇನು ಬಂದರೂ ಅಲ್ಲಿಗೆ ಮುಗಿಯಿತು. ಸಿ ಭಾಷೆ ಬಲ್ಲವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಸದಾ ಸೊನ್ನೆಯನ್ನೇ ಕೊಡುವ ಆಜ್ಞೆ ‘ಟ್ರೂ’. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಅದು ಬರೀ ಖಾಲಿ ಕಡತ. ಏನನ್ನೂ ಮಾಡದ್ದು ಸೋಲುವುದಾದರೂ ಹೇಗೆ! ‘ಟ್ರೂ’ ಬದಲು ಒಂದು ಕೋಲನ್ ಹಾಕಿದರೂ ಫಲ ಅದೇ.

ಎಣಿಕೆಯೇ ಹೆಚ್ಚು ತೊಡಕಿನದು. ಆ ಆವೃತ್ತಿಯೊಂದಿಗೆ ಬಂದ ಸ್ಟೀಫನ್ ಬೋರ್ನ್ ಅವರ ಶೆಲ್‌ಗೆ ಕೂಡಲು ಬರುತ್ತಿರಲಿಲ್ಲ. ಒಂದಕ್ಕೆ ಒಂದು ಸೇರಿಸಲೂ ‘ಎಕ್ಸ್‌ಪ್ರ್’ ಎಂಬ ಬೇರೆ ಪ್ರೋಗ್ರಾಮನ್ನು ಪ್ರತಿ ಸುತ್ತಿನಲ್ಲಿ ಹೊಸದಾಗಿ ಓಡಿಸಬೇಕಿತ್ತು. ಈಗ ಬಳಕೆಯಲ್ಲಿರುವ ಬ್ಯಾಷ್ ಲೆಕ್ಕವನ್ನು ತಾನೇ ಮಾಡುತ್ತದೆ. ಅದರ ‘ಫಾರ್’ ಲೂಪಿನ ಜೋಡಿ ಆವರಣದೊಳಗೆ ಆರಂಭ, ಷರತ್ತು, ಏರಿಕೆ ಎಂದು ಮೂರು ಜಾಗಗಳಿವೆ. ನಡುವಿನದನ್ನು ಖಾಲಿ ಬಿಟ್ಟರೆ ಷರತ್ತು ಸದಾ ನಿಜವೆಂದೇ ಲೆಕ್ಕ. ಎಣಿಕೆಯೂ ಲೂಪೂ ಒಂದೇ ಸಾಲಿನಲ್ಲಿ ಕಾಣುವುದರಿಂದ ಓದುವವರಿಗೆ ಇದೇ ಹಿತ.

ಪುಷ್ಪಾವರಣದೊಳಗೆ ಎರಡು ಚುಕ್ಕಿಯಿಟ್ಟು ಸಂಖ್ಯೆಗಳ ಸಾಲು ಬರೆಯುವ ರೂಢಿ ಇಲ್ಲಿ ನಡೆಯದು. ಮೊದಲ ಸುತ್ತಿಗೂ ಮುಂಚೆ ಬ್ಯಾಷ್ ಆ ಸಾಲನ್ನು ಪೂರ್ತಿ ಬಿಡಿಸಿ ಮೆಮೊರಿಯಲ್ಲಿ ಹರಡಿಕೊಳ್ಳುತ್ತದೆ; ಕೊನೆಯೇ ಇಲ್ಲದ್ದನ್ನು ಹರಡುವಂತಿಲ್ಲ.

ಹಾಗೆಂದು ಬ್ಯಾಷ್‌ನ ಎಣಿಕೆಯೂ ಅನಂತವಲ್ಲ. ಸಂಖ್ಯೆಗೆ ಮೀಸಲು 64 ಬಿಟ್. 9223372036854775807ಕ್ಕೆ ಒಂದು ಕೂಡಿದರೆ ಎಣಿಕೆ ಸದ್ದಿಲ್ಲದೆ ಅಷ್ಟೇ ದೊಡ್ಡ ಋಣಸಂಖ್ಯೆಗೆ ಜಾರುತ್ತದೆ. ಭಯಬೇಡ: ಸೆಕೆಂಡಿಗೆ 10 ಲಕ್ಷದಂತೆ ಎಣಿಸಿದರೂ ಅಲ್ಲಿಗೆ ತಲುಪಲು ಸುಮಾರು 2 ಲಕ್ಷ 92 ಸಾವಿರ ವರ್ಷ ಬೇಕು. ಗ್ನೂ ‘ಸೀಕ್ವ್’ ಪ್ರೋಗ್ರಾಮಿಗೆ ಕೊನೆಯ ಮಿತಿಯಾಗಿ ‘ಇನ್ಫ್’ ಎಂದು ಕೊಟ್ಟರೆ ಈ ಮಿತಿಯೂ ಅಡ್ಡಬಾರದು. ಅದು ದಶಮಾಂಶ ಅಂಕಿಗಳ ಸಾಲನ್ನೇ ಏರಿಸುತ್ತ ಹೋಗುತ್ತದೆ. ಅದರ ಫಲಿತವನ್ನು ಪೈಪ್ ಮೂಲಕ ‘ಹೆಡ್’ಗೆ ಕಳಿಸಿದರೆ, ಬೇಕಾದಷ್ಟು ಸಾಲು ಓದಿ ‘ಹೆಡ್’ ಹೊರಟುಹೋಗುತ್ತದೆ. ಒಡೆದ ಪೈಪಿಗೆ ಬರೆಯಹೊರಟ ‘ಸೀಕ್ವ್’ಗೆ ಕರ್ನಲ್ ಸಂಕೇತ ಕಳಿಸಿ ಅದನ್ನು ನಿಲ್ಲಿಸುತ್ತದೆ.

ಉಳಿದ ಲೂಪುಗಳನ್ನು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಬೇಕು, ಇಲ್ಲವೇ ಒಳಗೇ ‘ಬ್ರೇಕ್’ ಇಡಬೇಕು. ಸುತ್ತಿನ ನಡುವೆ ‘ಸ್ಲೀಪ್’ ಇಲ್ಲದಿದ್ದರೆ ಪ್ರೊಸೆಸರಿನ ಒಂದು ಕೋರ್ ಪೂರ್ತಿ ಈ ಎಣಿಕೆಗೇ ಮೀಸಲು.